ಹಿಮದ ಹಾದಿಯಲ್ಲಿ ಎರಡು ಚಕ್ರ

(ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳೂ ಇವೆ.)

ಹಿಮ ಬೀಳುವ ಊರಿನಲ್ಲಿ ಚಳಿಗಾಲವಿಡೀ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರನ್ನು ಜನ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಚಳಿ ಆಗಲ್ವಾ?" ಆಗುತ್ತದೆ, ಮೊದಲ ಹತ್ತು ನಿಮಿಷ. ಆಮೇಲೆ ಮೈ ಬಿಸಿಯೇರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ಏರುತ್ತದೆ. ಚಳಿಗೆ ಮದ್ದು ಬಟ್ಟೆ, ಅದು ಅಂಗಡಿಯಲ್ಲಿ ಸಿಗುತ್ತದೆ. ಟೈರಿನ ಕೆಳಗಿನ ನೆಲ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಇವತ್ತು ನಾನು ಹೆಚ್ಚು ಹೊತ್ತು ಆ ನೆಲದ ಬಗ್ಗೆಯೇ ಮಾತಾಡುತ್ತೇನೆ. ಚಳಿಗೂ ಅದರ ಪಾಲಿನ ಐದು ನಿಮಿಷ ಕೊಡೋಣ.

ಮೊದಲು ಸ್ವಲ್ಪ ಲೆಕ್ಕ. ಒಣಗಿದ ಟಾರು ರಸ್ತೆಗೂ ರಬ್ಬರಿಗೂ ನಡುವಿನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7. ನೀರಾಡುವ ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ, ಅಂದರೆ ಯಾವ ಆತುರವೂ ಇಲ್ಲದೆ, ಹೋಗುತ್ತಿದ್ದೀರಿ ಅಂದುಕೊಳ್ಳಿ. ಒಣ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ನಿಲ್ಲಲು ಒಂದೂಕಾಲು ಮೀಟರು ಸಾಕು. ಮಂಜುಗಡ್ಡೆಯ ಮೇಲೆ ಸುಮಾರು ಒಂಬತ್ತು ಮೀಟರು ಬೇಕು. ತಿರುವಿನಲ್ಲಿ ಈ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ಅದೇ ವೇಗದಲ್ಲಿ ಒಣ ರಸ್ತೆಯಲ್ಲಿ ಎರಡೂವರೆ ಮೀಟರು ತ್ರಿಜ್ಯದ ತಿರುವನ್ನು ಹಾಯಬಹುದು. ಮಂಜುಗಡ್ಡೆಯಲ್ಲಿ ಹದಿನೇಳು ಹದಿನೆಂಟು ಮೀಟರು ತ್ರಿಜ್ಯ ಬೇಕು. ಅಷ್ಟು ಅಗಲವಾದ ತಿರುವು ಯಾವ ಬೀದಿಯ ಮೂಲೆಯಲ್ಲಿದೆ? ಹಾಗಾಗಿ ಉಳಿಯುವ ದಾರಿ ಒಂದೇ, ತಿರುವಿಗೆ ಬರುವಷ್ಟರಲ್ಲಿ ನಡಿಗೆಯ ವೇಗಕ್ಕೆ ಇಳಿಯುವುದು.

ಸೈಕಲ್ಲು ಬೀಳದೆ ನಿಲ್ಲುವುದು ಹೇಗೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ನಾವು ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ನಮಗೇ ಗೊತ್ತಿಲ್ಲದಂತೆ ಎಡಕ್ಕೆ ತಿರುಗಿಸುತ್ತೇವೆ. ಚಕ್ರಗಳು ಬಂದು ಮೈಯ ಭಾರದ ಕೆಳಗೆ ಸೇರಿಕೊಳ್ಳುತ್ತವೆ. ಸೈಕಲ್ ಸವಾರಿ ಎಂದರೆ ಹೀಗೆ ಕ್ಷಣಕ್ಷಣವೂ ಬೀಳುವುದನ್ನು ತಪ್ಪಿಸಿಕೊಳ್ಳುವ ಕೆಲಸ, ಆ ಕೆಲಸ ಮಾಡುವುದು ಮುಂದಿನ ಚಕ್ರ. ಹಿಂದಿನ ಚಕ್ರ ಪಕ್ಕಕ್ಕೆ ಜಾರಿದರೆ ಎದೆ ಝಲ್ಲೆನ್ನುತ್ತದೆ, ಆದರೂ ಹ್ಯಾಂಡಲ್ ನಮ್ಮ ಕೈಯಲ್ಲೇ ಇರುತ್ತದೆ, ಸಾವರಿಸಿಕೊಳ್ಳಬಹುದು. ಮುಂದಿನ ಚಕ್ರ ಜಾರಿತೋ, ಸಾವರಿಸಿಕೊಳ್ಳುವ ಸಾಧನವೇ ಹೋಯಿತು. ಏನಾಯಿತೆಂದು ಯೋಚಿಸುವ ಹೊತ್ತಿಗೆ ಸೊಂಟ ನೆಲದ ಮೇಲಿರುತ್ತದೆ.

ಹಿಡಿತವೆಂಬುದು ಸೊಂಟಕ್ಕೆ ಸಿಕ್ಕಿಸಿದ ಒಂದೇ ದುಡ್ಡಿನ ಚೀಲ: ಬ್ರೇಕಿಗೂ ಅದರಿಂದಲೇ ಕೊಡಬೇಕು, ತಿರುವಿಗೂ ಅದರಿಂದಲೇ, ಪೆಡಲ್ ತುಳಿತಕ್ಕೂ ಅದರಿಂದಲೇ. ಬೇಸಿಗೆಯಲ್ಲಿ ಚೀಲ ತುಂಬಿರುವುದರಿಂದ ಎಲ್ಲಕ್ಕೂ ಒಟ್ಟಿಗೆ ಕೊಟ್ಟರೂ ಗೊತ್ತಾಗುವುದಿಲ್ಲ. ಮಂಜುಗಡ್ಡೆಯ ಮೇಲೆ ಒಂದು ಸಲಕ್ಕೆ ಒಂದೇ ಕೆಲಸ. ನೇರ ಹೋಗುವಾಗಲೇ ವೇಗ ಇಳಿಸಿ, ಬ್ರೇಕು ಬಿಟ್ಟ ಮೇಲೆ ತಿರುಗಿ, ತಿರುಗಿ ನೇರವಾದ ಮೇಲೆ ತುಳಿಯಿರಿ. ಜಾರುವಂಥ ಜಾಗದಲ್ಲಿ ಹಿಂದಿನ ಬ್ರೇಕು ಮಾತ್ರ. ಮೈಯನ್ನು ಸಡಿಲ ಬಿಡಿ. ಹೊಸಬರು ಹೆದರಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಭುಜ ಕಲ್ಲಾಗುತ್ತದೆ, ಆಗ ಚಕ್ರದ ಸಣ್ಣ ಅಲುಗಾಟವೆಲ್ಲ ಇಡೀ ಮೈಯ ಅಲುಗಾಟವಾಗುತ್ತದೆ. ಸೀಟನ್ನು ಒಂದೆರಡು ಬೆರಳು ಕೆಳಗಿಳಿಸಿಕೊಂಡರೆ ಕಾಲು ಊರುವುದು ಸುಲಭ. ಇದನ್ನು ಹೇಳಿದರೆ ಪಳಗಿದ ಸವಾರರು ನಗುತ್ತಾರೆ, ನಗಲಿ.

ಇನ್ನು ಮಂಜುಗಡ್ಡೆಯ ಸ್ವಭಾವ. ಚಳಿ ಹೆಚ್ಚಿದಷ್ಟೂ ಜಾರಿಕೆ ಹೆಚ್ಚು ಅಂತ ನಾವು ಅಂದುಕೊಂಡಿರುತ್ತೇವೆ. ಉಲ್ಟಾ. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಸ್ಕೇಟಿಂಗ್ ಮಾಡುವವನ ಭಾರದ ಒತ್ತಡಕ್ಕೆ ಗಡ್ಡೆ ಕರಗಿ ನೀರಾಗುತ್ತದೆ ಎಂದು ಶಾಲೆಯ ಪುಸ್ತಕಗಳು ಬಹುಕಾಲ ಹೇಳಿಕೊಟ್ಟವು. ಲೆಕ್ಕ ಹಾಕಿದರೆ ಆ ಒತ್ತಡ ಕರಗುವ ಬಿಂದುವನ್ನು ಕೆಳಗಿಳಿಸುವುದು ತೀರ ಅಲ್ಪ; ಸೈಕಲ್ ಟೈರಿನ ಮಟ್ಟಿಗಂತೂ ಅದು ಲೆಕ್ಕಕ್ಕೇ ಇಲ್ಲ. ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬೇರೆ ವಿವರಣೆ ಕೊಟ್ಟಿದ್ದ. ಅದೂ ಇಂಥದೇ ಒಂದು ಸಾರ್ವಜನಿಕ ಉಪನ್ಯಾಸದಲ್ಲಿ. ಎರಡು ಮಂಜುಗಡ್ಡೆಗಳನ್ನು ಒಂದಕ್ಕೊಂದು ತಾಗಿಸಿದರೆ ಅಂಟಿಕೊಳ್ಳುತ್ತವೆ. ಗಡ್ಡೆಯ ಮೈಮೇಲೆ ಯಾವಾಗಲೂ ನೀರಿನಂಥ ತೆಳು ಪದರವಿದೆ, ಆ ಪದರ ಹೆಪ್ಪುಗಟ್ಟಿ ಎರಡನ್ನೂ ಬೆಸೆಯುತ್ತದೆ ಎಂದು ಅವನ ವಾದ. ಇವತ್ತಿನ ವಿಜ್ಞಾನವೂ ಬಹುಮಟ್ಟಿಗೆ ಆ ದಾರಿಯಲ್ಲೇ ಇದೆ. ಮೇಲ್ಪದರದ ಅಣುಗಳಿಗೆ ಒಳಗಿನ ಅಣುಗಳಷ್ಟು ಗಟ್ಟಿ ಬಂಧನವಿಲ್ಲ, ಅವು ಓಡಾಡುತ್ತವೆ. ಚಳಿ ಹೆಚ್ಚಾದಂತೆ ಅವುಗಳ ಓಡಾಟ ಕಡಿಮೆಯಾಗುತ್ತದೆ, ಟೈರಿಗೆ ಹಿಡಿತ ಸಿಗುತ್ತದೆ.

ಇದರ ಅರ್ಥ ಏನೆಂದರೆ, ಮೈನಸ್ 15ರಲ್ಲಿ ಗಟ್ಟಿಯಾಗಿ ತುಳಿದು ಕೂತ ಹಿಮದ ಹಾದಿ ಸವಾರನಿಗೆ ಒಳ್ಳೆಯ ಹಾದಿ. ಪ್ಲಸ್ 1ರ ಮಧ್ಯಾಹ್ನ ಕೆಟ್ಟದ್ದು, ಅದರ ಮರುದಿನ ಬೆಳಗ್ಗೆ ಇನ್ನೂ ಕೆಟ್ಟದ್ದು. ಹಗಲು ಕರಗಿದ ಹಿಮದ ನೀರು ರಾತ್ರಿ ಟಾರಿನ ಮೇಲೆ ತೆಳ್ಳಗೆ ಗಟ್ಟಿಯಾಗಿ, ನೋಡಲು ಬರೀ ಒದ್ದೆ ರಸ್ತೆಯ ಹಾಗೆ ಕರ್ರಗೆ ಮಿಂಚುತ್ತಿರುತ್ತದೆ. ಸೇತುವೆಗಳ ಮೇಲೆ ಇದು ಎಲ್ಲಕ್ಕಿಂತ ಮೊದಲು ಕಟ್ಟುತ್ತದೆ, ಯಾಕೆಂದರೆ ಅಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ತಣ್ಣನೆ ಗಾಳಿ, ನೆಲದ ಕಾವು ತಲುಪುವುದಿಲ್ಲ. ನೆಲ ಮುಟ್ಟಿದ ಕೂಡಲೇ ಗಡ್ಡೆಯಾಗುವ ಮಳೆಯೂ ಒಂದಿದೆ. ಅದರ ವಿಷಯ ಆಮೇಲೆ.

ಹಿಮದಲ್ಲೂ ಜಾತಿಗಳಿವೆ. ಆಗಷ್ಟೇ ಬಿದ್ದ ನಾಲ್ಕಾರು ಸೆಂಟಿಮೀಟರು ಪುಡಿಹಿಮವನ್ನು ಸಾಧಾರಣ ಟೈರು ಸೀಳಿಕೊಂಡು ಹೋಗಿ ಕೆಳಗಿನ ನೆಲ ಮುಟ್ಟುತ್ತದೆ; ಅದರಲ್ಲಿ ಸವಾರಿ ಖುಷಿಯ ಸಂಗತಿ. ಕಾರುಗಳು ತುಳಿದು, ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು ಸೇರಿ, ಕಂದುಬಣ್ಣಕ್ಕೆ ತಿರುಗಿದ ಸಡಿಲ ರಾಶಿ ಬೇರೆಯದೇ. ಅದರೊಳಗೆ ಮುಂದಿನ ಚಕ್ರ ತನಗೆ ಬೇಕಾದ ಕಡೆ ಹೊರಳುತ್ತದೆ, ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಚಕ್ರದ ಜಾಡುಗಳು ಹಾಗೇ ಹೆಪ್ಪುಗಟ್ಟಿ ಕೂತ ಹಾದಿ. ನಿನ್ನೆ ಸಂಜೆ ಕೆಸರಾಗಿದ್ದಾಗ ಯಾರೋ ಮಾಡಿದ ಜಾಡು ಇವತ್ತು ಕಲ್ಲಿನಂತೆ ಗಟ್ಟಿ. ಟೈರು ಅದರೊಳಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ. ಹ್ಯಾಂಡಲ್ ತಿರುಗದಿದ್ದರೆ ಏನಾಗುತ್ತದೆಂದು ಆಗಲೇ ಹೇಳಿದ್ದೇನೆ. ಇದಕ್ಕೆ ಯಾವ ಟೈರೂ ಪೂರ್ತಿ ಮದ್ದಲ್ಲ.

ಹಾಗಾದರೆ ಟೈರು ಯಾವುದಕ್ಕೆ ಮದ್ದು? ನುಣುಪಾದ ಗಡ್ಡೆಗೆ. ಮೊಳೆ ಟೈರು ಎಂದರೆ ರಬ್ಬರಿನ ಮೈಗೆ ಸಣ್ಣ ಸಣ್ಣ ಲೋಹದ ಮೊಳೆ ಕೂರಿಸಿದ ಟೈರು. ಒಳ್ಳೆಯವುಗಳಲ್ಲಿ ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದು, ಹಿಮವಿಲ್ಲದ ಟಾರಿನ ಮೇಲೆ ಓಡಿಸಿದರೂ ಬೇಗ ಸವೆಯುವುದಿಲ್ಲ. ಬರೀ ಉಕ್ಕಿನ ಮೊಳೆ ಒಂದೇ ಚಳಿಗಾಲಕ್ಕೆ ಬೋಳಾಗಬಹುದು. ಅದಕ್ಕೆ ದುಡ್ಡು ಹಾಕಬೇಡಿ. ಮೊಳೆಗಳ ಎಣಿಕೆಯೂ ಮುಖ್ಯ, ಅವು ಕೂತಿರುವ ಜಾಗವೂ ಮುಖ್ಯ. ಫಿನ್ಲೆಂಡಿನ ನೋಕಿಯನ್ ಹೆಸರಿನಲ್ಲಿ ಬಂದ ಸೈಕಲ್ ಟೈರುಗಳಲ್ಲಿ ಒಂದಕ್ಕೆ 106 ಮೊಳೆ, ಇನ್ನೊಂದಕ್ಕೆ 240. ನಡುವೆ ಎರಡು ಸಾಲು ಮಾತ್ರ ಇದ್ದರೆ ನೇರ ಹಾದಿಗೆ ಸಾಕು. ಅಂಚಿನಲ್ಲೂ ಎರಡು ಸಾಲು ಇದ್ದರೆ ವಾಲಿದಾಗಲೂ, ಜಾಡಿನ ಅಂಚು ಹತ್ತುವಾಗಲೂ ಅವು ಕಚ್ಚುತ್ತವೆ. ಗಾಳಿ ಸ್ವಲ್ಪ ಕಡಿಮೆ ಹಾಕಿದರೆ ಟೈರು ಅಗಲವಾಗಿ ಕೂತು ಹೆಚ್ಚು ಮೊಳೆಗಳು ನೆಲ ಮುಟ್ಟುತ್ತವೆ. ಹೊಸ ಟೈರನ್ನು ಮೊದಲ ಕೆಲವು ಹತ್ತು ಕಿಲೋಮೀಟರು ಗಟ್ಟಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಮೊಳೆಗಳನ್ನು ಕೂರಿಸಬೇಕು. ಮೊದಲ ದಿನವೇ ಜೋರು ಬ್ರೇಕು ಹಿಡಿದರೆ ಕೆಲವು ಕಿತ್ತುಬರುತ್ತವೆ. ಎರಡು ಟೈರಿಗೆ ದುಡ್ಡಿಲ್ಲದಿದ್ದರೆ ಒಂದನ್ನು ಕೊಂಡು ಮುಂದಿನ ಚಕ್ರಕ್ಕೆ ಹಾಕಿ.

ಇವಕ್ಕೆ ಬೆಲೆಯೂ ಇದೆ, ತೂಕವೂ ಇದೆ. ಸೈಕಲ್ಲು ಭಾರವಾಗುತ್ತದೆ, ಒಣ ರಸ್ತೆಯಲ್ಲಿ ಚರಚರ ಸದ್ದು, ಅದೇ ದೂರಕ್ಕೆ ಹೆಚ್ಚು ತುಳಿತ. ಹಾಗಿದ್ದರೂ, ದುಬಾರಿ ಸೈಕಲ್ಲಿಗೆ ಸಾದಾ ಟೈರು ಹಾಕಿಕೊಂಡು ಬರುವವರಿಗಿಂತ ಹಳೇ ಸೈಕಲ್ಲಿಗೆ ಮೊಳೆ ಟೈರು ಹಾಕಿದವರು ಜಾಣರು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ಇಂಚು ಅಗಲದ ಟೈರಿನ ದಪ್ಪ ಸೈಕಲ್ಲುಗಳು ಈಗ ಎಲ್ಲ ಕಡೆ ಕಾಣುತ್ತವೆ. ಅವು ಮೆತ್ತನೆ ಹಿಮದ ಮೇಲೆ ಹೂತುಹೋಗದೆ ಸಾಗಲು ಹುಟ್ಟಿದವು, ಅಲಾಸ್ಕದಂಥ ಕಡೆಯ ಕಾಡುಹಾದಿಗಳಿಗೆ. ನಗರದ ಗಡ್ಡೆಯ ಮೇಲೆ ಮೊಳೆಯಿಲ್ಲದ ದಪ್ಪ ಟೈರೂ ತೆಳು ಟೈರಿನಷ್ಟೇ ಸಲೀಸಾಗಿ ಜಾರುತ್ತದೆ.

ಅಲಾಸ್ಕ ಅಂದದ್ದಕ್ಕೆ ಒಂದು ಕಥೆ. 1900ರ ಆರಂಭದ ಹೊತ್ತಿಗೆ ಅಲಾಸ್ಕದ ನೋಮ್ ಎಂಬಲ್ಲಿ ಚಿನ್ನ ಸಿಕ್ಕ ಸುದ್ದಿ ಕೆನಡಾದ ಡಾಸನ್ ಊರಿಗೆ ತಲುಪಿತ್ತು. ನಡುವೆ ಸುಮಾರು 1,600 ಕಿಲೋಮೀಟರು, ದಾರಿಯೆಂದರೆ ಹೆಪ್ಪುಗಟ್ಟಿದ ಯೂಕಾನ್ ನದಿ. ನಾಯಿಗಾಡಿ ಕೊಳ್ಳಲಾಗದ, ಕೊಳ್ಳಲು ಮನಸ್ಸಿಲ್ಲದ ಕೆಲವರು ಸೈಕಲ್ ಹತ್ತಿದರು. ಎಡ್ ಜೆಸ್ಸನ್ ಎಂಬವನು ಆ ಫೆಬ್ರವರಿಯಲ್ಲಿ ಹೊರಟ. ನಾಯಿಗಾಡಿಗಳ ಓಟದಿಂದ ಗಟ್ಟಿಯಾದ ಜಾಡಿನಲ್ಲೇ ಚಕ್ರ ಓಡಿಸಬೇಕು, ತಪ್ಪಿದರೆ ಹಿಮದ ರಾಶಿಗೆ ತಲೆಕೆಳಗು. ತೀರ ಚಳಿಯ ದಿನಗಳಲ್ಲಿ ಬೇರಿಂಗಿನ ಎಣ್ಣೆ ಹೆಪ್ಪುಗಟ್ಟಿ ಚಕ್ರ ತಿರುಗಲು ಹಟ ಮಾಡಿತು, ಟೈರಿನ ರಬ್ಬರು ಕೊಳವೆಯಂತೆ ಸೆಟೆದುಕೊಂಡಿತು ಎಂದು ಅವನೇ ಬರೆದಿಟ್ಟಿದ್ದಾನೆ. ಅದೇ ವರ್ಷ ಅದೇ ದಾರಿಯಲ್ಲಿ ಹೋದ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ತರುಣನ ಚೈನು ಕೊನೆಯ ಹಂತದಲ್ಲಿ ಕಡಿಯಿತು. ಅವನು ಕೋಟಿಗೆ ಕೋಲು ಕಟ್ಟಿ ಹಾಯಿ ಮಾಡಿ, ಬೆನ್ನಹಿಂದಿನ ಗಾಳಿಗೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೈಕಲ್ಲನ್ನು ತೇಲಿಸಿಕೊಂಡು ಹೋದ. ಇಬ್ಬರೂ ನೋಮ್ ತಲುಪಿದರು. ಮೊಳೆ ಟೈರು, ಗೇರು ಯಾವುದೂ ಇಲ್ಲದೆ.

ಜೆಸ್ಸನ್ನನ ಎಣ್ಣೆಯ ತೊಂದರೆ ಈಗಲೂ ಇದೆ. ತೀರ ಚಳಿಯಲ್ಲಿ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗಿನ ಗ್ರೀಸು ಮಂದವಾದರೆ ಅಲ್ಲಿನ ಪುಟ್ಟ ನಾಲಗೆಗಳು ಕಚ್ಚಿಕೊಳ್ಳುವುದಿಲ್ಲ. ಪೆಡಲ್ ತುಳಿದರೆ ಕಾಲು ಬರಿದೇ ತಿರುಗುತ್ತದೆ, ಸೈಕಲ್ಲು ನಿಂತಲ್ಲೇ. ಗೇರಿನ ಕೇಬಲ್ಲಿನ ಕವಚದೊಳಗೆ ನೀರು ಹೊಕ್ಕು ಗಡ್ಡೆಯಾದರೆ ಗೇರು ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆಲ್ಲ ಮೂಲ ಹೆಚ್ಚಾಗಿ ನಮ್ಮದೇ ಅಕ್ಕರೆ: ಪಾಪ, ಹೊರಗೆ ಚಳಿ ಎಂದು ಸೈಕಲ್ಲನ್ನು ಬೆಚ್ಚನೆ ಕೋಣೆಗೆ ತರುತ್ತೇವೆ, ಹಿಮ ಕರಗಿ ಸಂದುಗೊಂದಿಗೆ ಇಳಿಯುತ್ತದೆ, ಬೆಳಗ್ಗೆ ಹೊರಗೆ ಒಯ್ದ ಅರ್ಧ ಗಂಟೆಯಲ್ಲಿ ಅಲ್ಲೇ ಗಟ್ಟಿಯಾಗುತ್ತದೆ. ಒಳಗೆ ತಂದರೆ ಪೂರ್ತಿ ಒಣಗುವವರೆಗೆ ಇಡಿ, ಇಲ್ಲವೇ ಚಳಿಯಲ್ಲೇ ಬಿಡಿ. ಚಕ್ರದ ರಿಮ್ಮನ್ನು ಹಿಡಿಯುವ ಬ್ರೇಕಿಗೆ ಹಿಮ ಮೆತ್ತಿಕೊಂಡರೆ ಮೊದಲ ಎರಡು ಸುತ್ತು ಅದು ಇಲ್ಲದಂತೆಯೇ. ಡಿಸ್ಕ್ ಬ್ರೇಕು, ಡ್ರಮ್ ಬ್ರೇಕು, ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಇವೆಲ್ಲ ವಾಸಿ. ಚೈನಿಗೆ ಶತ್ರು ಉಪ್ಪು. ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡದಿದ್ದರೆ ಮಾರ್ಚ್ ಹೊತ್ತಿಗೆ ತುಕ್ಕಿನ ಹಾರ.

ಟೈರಿನ ಗಾಳಿಯನ್ನು ಹೊರಗಿನ ಚಳಿಯಲ್ಲೇ ಅಳೆಯಿರಿ. ಬೆಚ್ಚನೆ ಕೋಣೆಯಲ್ಲಿ 20 ಡಿಗ್ರಿಯಲ್ಲಿ 4 ಬಾರ್ ಒತ್ತಡಕ್ಕೆ ತುಂಬಿದ ಟೈರು ಮೈನಸ್ 20ಕ್ಕೆ ಹೋದರೆ ಸುಮಾರು 3.3 ಬಾರ್ ತೋರಿಸುತ್ತದೆ, ಎಲ್ಲೂ ಸೋರಿಲ್ಲ. ವಿದ್ಯುತ್ ಸೈಕಲ್ಲಿನವರಿಗೆ ಒಂದು ಮಾತು: ಲಿಥಿಯಂ ಬ್ಯಾಟರಿ ಚಳಿಯಲ್ಲಿ ಕಡಿಮೆ ದೂರ ಓಡಿಸುತ್ತದೆ, ಅದು ತಾತ್ಕಾಲಿಕ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಮಾತ್ರ ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಬ್ಯಾಟರಿಯನ್ನು ಒಳಗೆ ತಂದು, ಅದು ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ.

ಈಗ ಚಳಿ. ಸೈಕಲ್ಲಿನವರು ತಮ್ಮ ಗಾಳಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತಾರೆ. ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆಂದು ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್, 1941ರಲ್ಲಿ ಅಂಟಾರ್ಕ್ಟಿಕದಲ್ಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತಾಗುತ್ತದೆಂದು ನೋಡಿದರು. ಕೆನಡಾ ಮತ್ತು ಅಮೆರಿಕ 2001ರಿಂದ ಬಳಸುತ್ತಿರುವ ಹೊಸ ಸೂತ್ರದ ಪ್ರಕಾರ, ಮೈನಸ್ 10ರಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಮುಖಕ್ಕೆ ಬಡಿದರೆ ಅನುಭವ ಮೈನಸ್ 18ರದ್ದು. ಮೈನಸ್ 20ರಲ್ಲಿ ಅದೇ ಗಾಳಿ ಮೈನಸ್ 30 ಅನ್ನಿಸುತ್ತದೆ. ಅಲ್ಲಿಗೆ ತೆರೆದ ಚರ್ಮ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟುವ ಅಪಾಯದ ಗಡಿ ದಾಟಿದಂತೆ. ಕಿವಿ, ಮೂಗಿನ ತುದಿ, ಕೆನ್ನೆ ಮುಚ್ಚಿರಬೇಕು.

ಮೈಗೆ ಮಾತ್ರ ಕಡಿಮೆ ಹಾಕಿ. ಬಾಗಿಲು ದಾಟಿದಾಗ ಸ್ವಲ್ಪ ನಡುಗುವಂತಿದ್ದರೆ ಸರಿಯಾಗಿದೆ. ದಪ್ಪ ಜಾಕೆಟ್ಟಿನೊಳಗೆ ಬೆವರಿದವರಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಆ ಬೆವರೇ ಚಳಿ. ಒಳಗೆ ಉಣ್ಣೆ, ಮೇಲೆ ಗಾಳಿ ತಡೆಯುವ ತೆಳು ಹೊದಿಕೆ. ಕೈ ಬೆರಳುಗಳು ಬೇರೆ ವಿಷಯ, ಅವು ಅಲ್ಲಾಡದೆ ಹ್ಯಾಂಡಲ್ ಹಿಡಿದು ಗಾಳಿಗೆ ಎದುರಾಗಿರುತ್ತವೆ. ನಾಲ್ಕು ಬೆರಳೂ ಒಂದೇ ಗೂಡಿನಲ್ಲಿರುವ ಕೈಗವಸು ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಹ್ಯಾಂಡಲ್ಲಿಗೇ ತೊಡಿಸಿಬಿಡುವ ದೊಡ್ಡ ಗವಸು, ಕೈಯನ್ನು ಅದರೊಳಗೆ ತೂರಿಸಿದರಾಯಿತು. ನೋಡಲು ಚೆಂದವಿಲ್ಲ.

ಇಷ್ಟೆಲ್ಲ ಮಾಡಿಕೊಂಡ ಮೇಲೂ ನೀವು ಹೋಗುವ ಹಾದಿಯ ಹಿಮ ಯಾರೂ ತೆಗೆಯದಿದ್ದರೆ? ಇಲ್ಲಿಗೆ ನಾನು ಬರಬೇಕಿತ್ತು. ಫಿನ್ಲೆಂಡಿನ ಔಲು ನಗರ ಸುಮಾರು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಜನ, ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 10ರ ಹತ್ತಿರ, ಡಿಸೆಂಬರ್ ಕೊನೆಗೆ ಹಗಲು ಮೂರೂವರೆ ಗಂಟೆ. ಅಲ್ಲಿ ಚಳಿಗಾಲದಲ್ಲೂ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಓಡಾಟ ಸೈಕಲ್ಲಿನಲ್ಲಿ ನಡೆಯುತ್ತದೆ. ಶಾಲೆಗಳ ಮುಂದೆ ಹಿಮ ಹೊದ್ದ ಸೈಕಲ್ಲುಗಳ ಸಾಲು ಸಾಲು. ಆ ಮಕ್ಕಳು ವೀರರಲ್ಲ, ಬಹುಪಾಲು ಸವಾರರ ಹತ್ತಿರ ವಿಶೇಷ ಬಟ್ಟೆಯೂ ಇಲ್ಲ. ಕಾರು ರಸ್ತೆಯಿಂದ ಬೇರೆಯಾದ ಹಾದಿಗಳ ಜಾಲವಿದೆ, ದೊಡ್ಡ ರಸ್ತೆ ಬಂದಲ್ಲಿ ಕೆಳಸೇತುವೆಯಿದೆ, ಮುಖ್ಯ ಹಾದಿಗಳ ಹಿಮವನ್ನು ಬೆಳಗಿನ ಓಡಾಟಕ್ಕೆ ಮೊದಲೇ ಗೀಚಿ ಹೋಗುತ್ತಾರೆ.

ಗೀಚುವುದು ಎಂಬುದನ್ನು ಗಮನಿಸಿ. ಅಲ್ಲಿ ಟಾರು ಕಾಣುವವರೆಗೆ ಹಿಮ ತೆಗೆಯುವುದಿಲ್ಲ. ಒಂದು ಪದರವನ್ನು ಉಳಿಸಿ, ಗಟ್ಟಿ ಮಾಡಿ, ಹಲ್ಲಿರುವ ಅಲಗಿನಿಂದ ಗೀರು ಹಾಕಿ, ಮೇಲೆ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಉಪ್ಪು ಹಾಕುವುದಿಲ್ಲ. ಸಾಮಾನ್ಯ ಉಪ್ಪು ಮೈನಸ್ 10ಕ್ಕಿಂತ ಕೆಳಗೆ ಹೆಚ್ಚೇನೂ ಕೆಲಸ ಮಾಡದು, ಅರೆಬರೆ ಕರಗಿದ ಹಿಮ ಜಾಡು ಹಿಡಿಯುತ್ತದೆ. ಅಲ್ಲಿಯ ಚಳಿಗೆ ಗಟ್ಟಿ ಹಿಮವೇ ಒಳ್ಳೆಯ ರಸ್ತೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಚಳಿಗಾಲ ಸೊನ್ನೆಯ ಆಚೀಚೆ ತೂಗುತ್ತಿರುತ್ತದೆ, ಅಲ್ಲಿ ಈ ಉಪಾಯ ನಡೆಯದು. ಅವರು ಹಿಮ ತೆಗೆದು ಉಪ್ಪುನೀರು ಬಿಡುತ್ತಾರೆ. ಸ್ವೀಡನ್ನಿನ ಕೆಲವು ನಗರಗಳು ಗುಡಿಸುವ ದುಂಡು ಪೊರಕೆಯ ಗಾಡಿಯಿಂದ ಹಿಮ ಗುಡಿಸಿ ಹಿಂದೆಯೇ ಉಪ್ಪುನೀರು ಸಿಂಪಡಿಸುವ ವಿಧಾನ ಹಿಡಿದಿವೆ, ನೆಲ ಬೇಸಿಗೆಯಷ್ಟು ಬರಿದಾಗುತ್ತದೆ. ಕೆನಡಾದ ಮಾಂಟ್ರಿಯಲ್ ನಗರ ತನ್ನ ಬಾಡಿಗೆ ಸೈಕಲ್ಲುಗಳಿಗೆ ಚಳಿಗಾಲದಲ್ಲಿ ಮೊಳೆ ಟೈರು ಹಾಕಿ ನಿಲ್ಲಿಸತೊಡಗಿದೆ. ಚಳಿಗಾಲದ ಸೈಕಲ್ಲಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ ಮೊದಲು ಸೇರಿದ್ದೂ ಔಲುವಿನಲ್ಲಿ, 2013ರಲ್ಲಿ.

ಯಾರ ಹಾದಿಯ ಹಿಮ ಮೊದಲು ತೆಗೆಯಬೇಕು? ಸ್ವೀಡನ್ನಿನ ಕಾರ್ಲ್ಸ್‌ಕೂಗಾ ಎಂಬ ಪಟ್ಟಣ 2011ರ ಸುಮಾರಿಗೆ ತನ್ನ ಕೆಲಸಗಳನ್ನೆಲ್ಲ ಹೆಂಗಸರ, ಗಂಡಸರ ದೃಷ್ಟಿಯಿಂದ ಮರುಪರಿಶೀಲಿಸಿದಾಗ ಹಿಮ ತೆಗೆಯುವ ಸರದಿಯೂ ಪಟ್ಟಿಗೆ ಬಂತು. ಮೊದಲು ದೊಡ್ಡ ರಸ್ತೆ, ಕೊನೆಗೆ ಕಾಲುದಾರಿ ಎಂಬುದು ಹಳೆಯ ಕ್ರಮ. ದೊಡ್ಡ ರಸ್ತೆಯಲ್ಲಿ ಕಾರು ಓಡಿಸುವವರು ಹೆಚ್ಚಾಗಿ ಗಂಡಸರು; ನಡೆದೋ, ಸೈಕಲ್ಲಿನಲ್ಲೋ, ಮಗುವಿನ ಗಾಡಿ ತಳ್ಳಿಕೊಂಡೋ ಹೋಗುವವರು ಹೆಚ್ಚಾಗಿ ಹೆಂಗಸರು. ಹತ್ತು ಸೆಂಟಿಮೀಟರು ಹಿಮದಲ್ಲಿ ಕಾರು ಓಡಿಸುವುದು ಸುಲಭ, ಮಗುವಿನ ಗಾಡಿ ತಳ್ಳುವುದು ಕಷ್ಟ. ಅವರು ಸರದಿಯನ್ನು ತಿರುಗಿಸಿಟ್ಟರು. ಕೆಲಸ ಅಷ್ಟೇ, ಗಾಡಿಗಳು ಅವೇ. ನನ್ನ ಮಟ್ಟಿಗೆ ಮೊಳೆ ಟೈರಿಗಿಂತ ದೊಡ್ಡ ತಂತ್ರಜ್ಞಾನ ಇದು. ಜಾಡು ಹೆಪ್ಪುಗಟ್ಟುವ ಮೊದಲು ಯಾರಾದರೂ ಗೀಚಿ ಹೋಗಬೇಕು, ಅದನ್ನು ಸವಾರ ಮಾಡಲಾರ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಹಿರಿಯರೊಬ್ಬರು, "ಅರವತ್ತು ದಾಟಿದವರು ಇದಕ್ಕೆ ಕೈ ಹಾಕಬಹುದೇ ಸಾರ್?" ಎಂದು ಕೇಳಿದರು. ಬೀಳುವುದರ ಬೆಲೆ ವಯಸ್ಸಿನ ಜೊತೆ ಏರುತ್ತದೆ, ಸೊಂಟದ ಮೂಳೆ, ಮಣಿಕಟ್ಟು ಬೇಗ ಕೂಡುವುದಿಲ್ಲ. ಎರಡೂ ಚಕ್ರಕ್ಕೆ ಮೊಳೆ ಟೈರು, ತಗ್ಗಿನ ಸೀಟು, ಹಿಮ ತೆಗೆದ ಹಾದಿ, ಈ ಮೂರೂ ಇದ್ದರೆ ಮಾತ್ರ ಹೊರಡಿ ಅಂದೆ. ಮೂರು ಚಕ್ರದ ಸೈಕಲ್ಲನ್ನೂ ಯೋಚಿಸಬಹುದು.

ಯಾವ ದಿನ ಹೋಗಲೇಬಾರದು ಎಂದು ಒಬ್ಬ ತರುಣಿ ಕೇಳಿದರು. ನೆಲ ಮುಟ್ಟಿದೊಡನೆ ಗಡ್ಡೆಯಾಗುವ ಮಳೆ ಬಂದ ಬೆಳಗ್ಗೆ. ಮೊಳೆ ಟೈರು ನಿಮ್ಮನ್ನು ನಿಲ್ಲಿಸಬಹುದು, ಹಿಂದಿನಿಂದ ಬರುವ ಕಾರನ್ನು ನಿಲ್ಲಿಸುವುದಿಲ್ಲ. ಇಳಿದು ತಳ್ಳಿಕೊಂಡು ಹೋಗೋಣವೆಂದರೆ ಟೈರಿಗಿರುವ ಮೊಳೆ ಬೂಟಿಗಿಲ್ಲ. ಅವತ್ತು ಬಸ್ಸು.

ಮೊಳೆ ಟೈರನ್ನು ಯಾವಾಗ ಬಿಚ್ಚಬೇಕು ಎಂಬುದು ಕೊನೆಯ ಪ್ರಶ್ನೆ. ಮಧ್ಯಾಹ್ನದ ಬಿಸಿಲು ನೋಡಿ ಬಿಚ್ಚಬೇಡಿ, ರಾತ್ರಿಯ ಉಷ್ಣಾಂಶ ಒಂದು ವಾರ ಪೂರ್ತಿ ಸೊನ್ನೆಗಿಂತ ಮೇಲಿದ್ದರೆ ಬಿಚ್ಚಿ. ಚೆಲ್ಲಿದ ಜಲ್ಲಿಯನ್ನು ಊರಿನವರು ಗುಡಿಸುವವರೆಗೆ ಪಂಕ್ಚರ್ ಸಾಮಾನು ಜೊತೆಗಿರಲಿ. ಬಿಚ್ಚಿದ ಟೈರಿನ ಮೇಲೆ ಯಾವುದು ಮುಂದಿನದು, ಯಾವ ಕಡೆಗೆ ತಿರುಗುತ್ತಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಮೊಳೆಗಳು ಒಂದು ದಿಕ್ಕಿಗೆ ಒರಗಿ ಕೂತಿರುತ್ತವೆ. ಮುಂದಿನ ವರ್ಷ ಉಲ್ಟಾ ಹಾಕಿದರೆ ಸಡಿಲವಾಗಿ ಉದುರತೊಡಗುತ್ತವೆ.